ಓಟಿ ಡ್ಯೂಟಿ ನಡುವೆಯೇ ಸಂಶೋಧನೆ: ಸರ್ಜರಿ ಪಿಜಿಗಳಿಗೆ ಮೊದಲ ವರ್ಷದಿಂದಲೇ ಒಂದು ದಾರಿ

ಎಂ.ಎಸ್. ಜನರಲ್ ಸರ್ಜರಿಗೆ, ಅಂದರೆ ಎಂಬಿಬಿಎಸ್ ನಂತರದ ಪಿಜಿ ಕೋರ್ಸ್‌ಗೆ, ಸೇರಿ ಇನ್ನೂ ಒಂದು ತಿಂಗಳು ಆಗಿರುವುದಿಲ್ಲ. ರೌಂಡ್ಸ್‌ನಲ್ಲಿ ಯಾರ ಡ್ರೈನ್ ಎಷ್ಟು ಬಂತು ಅಂತ ನೆನಪಿಟ್ಟುಕೊಳ್ಳುವುದೇ ಕಷ್ಟ. ಆಗಲೇ ಗೈಡ್ ಕೇಳುತ್ತಾರೆ, "ಥೀಸಿಸ್‌ಗೆ ಏನು ಟಾಪಿಕ್ ಯೋಚನೆ ಮಾಡಿದ್ದೀಯಪ್ಪಾ?" ಹೆಚ್ಚಿನವರು ಅದೇ ರಾತ್ರಿ ಸೀನಿಯರ್ ಹತ್ತಿರ ಹಳೇ ಥೀಸಿಸ್‌ನ ಪಿಡಿಎಫ್ ತರಿಸಿಕೊಂಡು, ಆಸ್ಪತ್ರೆ ಹೆಸರು ಮತ್ತು ವರ್ಷ ಬದಲಾಯಿಸಿ ಸಿನಾಪ್ಸಿಸ್ (ಥೀಸಿಸ್‌ನ ಯೋಜನೆ) ಕೊಟ್ಟುಬಿಡುತ್ತಾರೆ. ನಾನೂ ಮಾಡಿದ್ದು ಹೆಚ್ಚು ಕಡಿಮೆ ಅದನ್ನೇ. ಮೂರು ವರ್ಷ ಆ ಟಾಪಿಕ್ ಹೊತ್ತುಕೊಂಡು ಓಡಾಡಿದೆ, ಅದರಿಂದ ಒಂದು ಆಪರೇಷನ್ ಕೂಡ ಮುಂಚಿಗಿಂತ ಚೆನ್ನಾಗಿ ಮಾಡೋದನ್ನ ಕಲಿಯಲಿಲ್ಲ. ನಿಮಗೆ ಹಾಗಾಗಬಾರದು ಅಂತಲೇ ಇದನ್ನ ಬರೆಯುತ್ತಿದ್ದೇನೆ.

ಬ್ರಿಟನ್‌ನಲ್ಲಿ ಅಕಾಡೆಮಿಕ್ ಕ್ಲಿನಿಕಲ್ ಫೆಲೋ ಅಂತ ಒಂದು ಹುದ್ದೆ ಇದೆ. ಅದರಲ್ಲಿ ಕಾಲು ಭಾಗ ಸಮಯ ಸಂಶೋಧನೆಗೇ ಮೀಸಲು. ನಮ್ಮ ಪಿಜಿಗಳಿಗೆ ಆ ಭಾಗ್ಯ ಇಲ್ಲ. ಹಾಗಾಗಿ ಸಂಶೋಧನೆಗೆ ಬೇರೆ ಸಮಯ ಹುಡುಕುತ್ತಾ ಕೂತರೆ ಅದು ಸಿಗುವುದೇ ಇಲ್ಲ. ನಾವು ಹೇಗೂ ಮಾಡುವ ಕೆಲಸದ ಒಳಗೇ ಅದನ್ನ ಸೇರಿಸಿಕೊಳ್ಳಬೇಕು. ಕೆಳಗಿರುವುದೆಲ್ಲ ಅದನ್ನ ಹೇಗೆ ಮಾಡೋದು ಅನ್ನೋದರ ಬಗ್ಗೆಯೇ.

ಮೊದಲು ತಿಂಗಳುಗಳನ್ನ ಎಣಿಸಿ

ಕೋರ್ಸ್ 36 ತಿಂಗಳು. ಟಾಪಿಕ್, ಸಿನಾಪ್ಸಿಸ್, ಎಥಿಕ್ಸ್ ಕಮಿಟಿ ಅಂತ ಮೊದಲ 6 ತಿಂಗಳು ಹೋಗುತ್ತದೆ. ಥೀಸಿಸ್ ಪರೀಕ್ಷೆಗೆ 6 ತಿಂಗಳು ಮುಂಚೆ ಒಪ್ಪಿಸಬೇಕು. ಉಳಿದದ್ದು 24. ಅದರಲ್ಲಿ 3 ತಿಂಗಳು ಡಿಸ್ಟ್ರಿಕ್ಟ್ ರೆಸಿಡೆನ್ಸಿ ಅಂತ ಜಿಲ್ಲಾ ಆಸ್ಪತ್ರೆಗೆ ಹೋಗುತ್ತೀರಿ. ಲೆಕ್ಕ ಹಾಕಿ ಬರೆಯುವುದಕ್ಕೆ ಇನ್ನೊಂದು 3 ತಿಂಗಳು ಬೇಕೇ ಬೇಕು. ಕೊನೆಗೆ ಕೈಗೆ ಸಿಗೋದು 18 ತಿಂಗಳು, ಅಷ್ಟೇ. ಎರಡು ವರ್ಷ ಫಾಲೋ ಅಪ್ ಬೇಕಾದ ಹರ್ನಿಯಾ ರಿಕರೆನ್ಸ್ (ಮತ್ತೆ ಬರುವುದು) ಟಾಪಿಕ್ ಇದರೊಳಗೆ ಕೂರುವುದಿಲ್ಲ. 30 ದಿನದಲ್ಲಿ ಉತ್ತರ ಸಿಗುವ ಪ್ರಶ್ನೆ ಕೂರುತ್ತದೆ.

ರೀಸರ್ಚ್ ಮೆಥಡಾಲಜಿ ಕೋರ್ಸ್ ಕಡ್ಡಾಯ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಚೆನ್ನೈ ಎಪಿಡೆಮಿಯಾಲಜಿ ಸಂಸ್ಥೆ ನಡೆಸುವ ಬಿಸಿಬಿಆರ್ ಅನ್ನೋ ಅಂಥ ಆನ್‌ಲೈನ್ ಕೋರ್ಸನ್ನ ಎಷ್ಟೋ ಜನ ಸರ್ಟಿಫಿಕೇಟ್‌ಗೋಸ್ಕರ ಕೊನೇ ವರ್ಷ ಮಾಡುತ್ತಾರೆ. ಸಿನಾಪ್ಸಿಸ್ ಬರೆಯುವ ಮುಂಚೆ ಆ ವಿಡಿಯೋಗಳನ್ನ ನೋಡಿ. ಆಗ ಅದು ಉಪಯೋಗಕ್ಕೆ ಬರುತ್ತದೆ, ಆಮೇಲೆ ನೋಡಿದರೆ ಸುಮ್ನೆ ಕಾಗದ.

ಪ್ರಶ್ನೆ ಓಟಿ ರಿಜಿಸ್ಟರ್‌ನಲ್ಲಿದೆ

ಒಂದು ಭಾನುವಾರ ಮಧ್ಯಾಹ್ನ ಕೂತು ನಿಮ್ಮ ಯೂನಿಟ್‌ನ ಕಳೆದ ಒಂದು ವರ್ಷದ ಓಟಿ (ಆಪರೇಷನ್ ಥಿಯೇಟರ್) ರಿಜಿಸ್ಟರ್ ತೆಗೆಯಿರಿ. ಪೆನ್ಸಿಲ್ ಹಿಡಿದು ಎಣಿಸಿ. ಅಪೆಂಡಿಕ್ಸ್ ಎಷ್ಟು, ಹರ್ನಿಯಾ ಎಷ್ಟು, ಕರುಳು ತೂತಾಗಿ ರಾತ್ರಿ ಬಂದವರು ಎಷ್ಟು, ಡಯಾಬಿಟಿಕ್ ಫುಟ್ ಎಷ್ಟು. ನಿಮ್ಮ ಆಸ್ಪತ್ರೆಯಲ್ಲಿ ಜಾಸ್ತಿ ಇರುವುದು ಯಾವುದೋ ಅದರಲ್ಲೇ ಪ್ರಶ್ನೆ ಹುಡುಕಿ. ಒಂದು ಎಚ್ಚರಿಕೆ: ಸಿಕ್ಕ ಸಂಖ್ಯೆಯನ್ನ ಅರ್ಧ ಮಾಡಿ ಲೆಕ್ಕ ಇಟ್ಟುಕೊಳ್ಳಿ. ಕೆಲವರು ಒಪ್ಪುವುದಿಲ್ಲ, ಕೆಲವರನ್ನ ಮನೆಯವರು ಹೇಳದೆ ಕರೆದುಕೊಂಡು ಹೋಗುತ್ತಾರೆ, ಕೆಲವರು ನೀವು ರಜೆಯಲ್ಲಿದ್ದ ದಿನವೇ ಬಂದಿರುತ್ತಾರೆ.

ಅಪೆಂಡಿಕ್ಸ್ ಊತ ಪತ್ತೆಗೆ ಬಳಸುವ ಅಲ್ವರಾಡೋ ಸ್ಕೋರ್ ಮತ್ತು ರಿಪಾಸಾ ಸ್ಕೋರ್ ಹೋಲಿಕೆ ಬೇಡ, ದಯವಿಟ್ಟು. ಅಲ್ವರಾಡೋ ಬಂದದ್ದು 1986ರಲ್ಲಿ. ಅಂದಿನಿಂದ ಅದನ್ನ ಎಷ್ಟು ಕಾಲೇಜುಗಳಲ್ಲಿ ಎಷ್ಟು ಸಲ ಮಾಡಿದ್ದಾರೆ ಅಂತ ಲೈಬ್ರರಿಯ ಥೀಸಿಸ್ ಕಪಾಟು ನೋಡಿದರೆ ಸಾಕು, ಗೊತ್ತಾಗುತ್ತದೆ. ಹೊಸದು ಅಂದರೆ ದೊಡ್ಡ ಮೆಷಿನ್ ಬೇಕು ಅಂತಲೂ ಅಂದುಕೊಳ್ಳಬೇಡಿ.

ಒಂದು ಉದಾಹರಣೆ ಹೇಳುತ್ತೇನೆ. ಹೊಟ್ಟೆಯ ಆಪರೇಷನ್ ಮುಗಿಸಿ ಗಾಯ ಮುಚ್ಚುವ ಮುಂಚೆ ಗ್ಲೌಸ್ ಬದಲಾಯಿಸಿ, ಬೇರೆ ಸ್ಟೆರೈಲ್ ಉಪಕರಣ ತೆಗೆದುಕೊಂಡರೆ ಗಾಯದಲ್ಲಿ ಕೀವಾಗುವುದು ಕಡಿಮೆಯಾಗುತ್ತಾ? ಇದು ಯಾವ ಸ್ಕ್ರಬ್ ನರ್ಸ್ ಬೇಕಾದರೂ ಕೇಳಬಹುದಾದ ಪ್ರಶ್ನೆ, ಅಲ್ವಾ? ಇದನ್ನೇ ಚೀಟಾ ಅನ್ನೋ ಟ್ರಯಲ್ (ಗುಂಪು ಮಾಡಿ ಎರಡು ವಿಧಾನ ಹೋಲಿಸುವ ಅಧ್ಯಯನ) ಕೇಳಿತು. ಭಾರತವೂ ಸೇರಿ 7 ದೇಶಗಳು, 81 ಆಸ್ಪತ್ರೆಗಳು, 13,301 ರೋಗಿಗಳು. ಬದಲಾಯಿಸದ ಕಡೆ ಶೇ 18.9 ಜನಕ್ಕೆ ಸೋಂಕಾಯಿತು, ಬದಲಾಯಿಸಿದ ಕಡೆ ಶೇ 16. 2022ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಅದಕ್ಕೂ ಒಂದು ವರ್ಷ ಮುಂಚೆ ಅದೇ ಏಳು ದೇಶಗಳ 54 ಆಸ್ಪತ್ರೆಗಳಲ್ಲಿ ನಡೆದ ಫಾಲ್ಕನ್ ಅನ್ನೋ ಟ್ರಯಲ್‌ನ ಫಲಿತಾಂಶ ಬಂದಿತ್ತು. ಆಪರೇಷನ್‌ಗೆ ಮುಂಚೆ ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಹಚ್ಚಿದರೆ ಪೊವಿಡೋನ್ ಅಯೋಡಿನ್‌ಗಿಂತ ಒಳ್ಳೆಯದಾ, ಕ್ರಿಮಿನಾಶಕ ಟ್ರೈಕ್ಲೋಸಾನ್ ಲೇಪಿಸಿದ ದುಬಾರಿ ದಾರದಿಂದ ಹೊಲಿದರೆ ಒಳ್ಳೆಯದಾ ಅಂತ 5,788 ರೋಗಿಗಳಲ್ಲಿ ನೋಡಿದರು. ಹೆಚ್ಚಿನ ಲಾಭ ಏನೂ ಕಾಣಲಿಲ್ಲ. ಆ ಉತ್ತರವೂ ನಮ್ಮಂಥ ಸರ್ಕಾರಿ ಆಸ್ಪತ್ರೆಗೆ ಬಹಳ ಬೆಲೆಯದು. ನಿಮ್ಮ ಥೀಸಿಸ್‌ನಲ್ಲಿ "ವ್ಯತ್ಯಾಸ ಇಲ್ಲ" ಅಂತ ಬಂದರೆ ಬೇಜಾರು ಮಾಡಿಕೊಳ್ಳಬೇಡಿ, ಅದನ್ನ ಹಾಗೇ ಬರೆಯಿರಿ.

ಎಷ್ಟು ರೋಗಿಗಳು ಬೇಕು

ಇಲ್ಲೇ ಜಾಸ್ತಿ ಜನ ಎಡವೋದು. ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಸೂತ್ರ 4ಪಿಕ್ಯೂ ಭಾಗಿಸು ಡಿ ಸ್ಕ್ವೇರ್. ಪಿ ಅಂದರೆ ನಿಮಗೆ ಗೊತ್ತಿರುವ ಶೇಕಡಾವಾರು, ಕ್ಯೂ ಅಂದರೆ ನೂರರಲ್ಲಿ ಉಳಿದದ್ದು, ಡಿ ಅಂದರೆ ಎಷ್ಟು ಹೆಚ್ಚು ಕಡಿಮೆ ಆದರೆ ಪರವಾಗಿಲ್ಲ ಅನ್ನೋದು. ಗಾಯದ ಸೋಂಕು ಶೇ 20 ಅಂತ ಇಟ್ಟುಕೊಳ್ಳಿ. 4 ಸಲ 20 ಸಲ 80 ಅಂದರೆ 6,400. ಡಿ 5 ಇಟ್ಟರೆ 25ರಿಂದ ಭಾಗಿಸಿ, 256 ರೋಗಿಗಳು. ಡಿ 8 ಇಟ್ಟರೆ 100. ಡಿ 10 ಇಟ್ಟರೆ 64. ಅಂದರೆ ಡಿ ಹಿಗ್ಗಿಸಿದಷ್ಟೂ ಕೆಲಸ ಕಡಿಮೆ, ಉತ್ತರವೂ ಅಷ್ಟೇ ಮಸುಕು. 64 ರೋಗಿಗಳನ್ನ ನೋಡಿ ನೀವು ಹೇಳಬಹುದಾದದ್ದು "ಸೋಂಕು ಶೇ 10ರಿಂದ 30ರ ನಡುವೆ ಎಲ್ಲೋ ಇದೆ" ಅಂತ ಮಾತ್ರ.

ಈ ಸೂತ್ರ ಒಂದೇ ಗುಂಪಿನಲ್ಲಿ ಒಂದು ಪ್ರಮಾಣ ಅಳೆಯುವುದಕ್ಕೆ. ಎರಡು ಗುಂಪು ಹೋಲಿಸುವುದಕ್ಕೆ ಬೇರೆ ಲೆಕ್ಕ ಇದೆ. 18.9 ಮತ್ತು 16ರ ನಡುವಿನ ವ್ಯತ್ಯಾಸ ಕಾಣಬೇಕಾದರೆ ಸಾವಿರಾರು ಜನ ಬೇಕು, ಅದಕ್ಕೇ ಆ ಟ್ರಯಲ್‌ಗೆ 81 ಆಸ್ಪತ್ರೆ ಬೇಕಾಯಿತು. ನೀವು 30 ಜನಕ್ಕೆ ಹೀಗೆ, 30 ಜನಕ್ಕೆ ಹಾಗೆ ಮಾಡಿ ಅದೇ ವ್ಯತ್ಯಾಸ ಹುಡುಕಿದರೆ ಏನೂ ಸಿಗುವುದಿಲ್ಲ. ಒಬ್ಬರೇ ಪಿಜಿ, ಒಂದೇ ಯೂನಿಟ್ ಅಂದಾಗ ನನ್ನ ಅಭಿಪ್ರಾಯ ಸ್ಪಷ್ಟ: ಟ್ರಯಲ್ ಬಿಡಿ, ನಡೆಯುತ್ತಿರುವುದನ್ನ ಶ್ರದ್ಧೆಯಿಂದ ಅಳೆಯಿರಿ. ನಮ್ಮ ವಾರ್ಡ್‌ನಲ್ಲಿ ಸೋಂಕು ಎಷ್ಟು, ಯಾರಿಗೆ ಜಾಸ್ತಿ, ರಾತ್ರಿ ಮಾಡಿದ ಆಪರೇಷನ್‌ನಲ್ಲೋ ಹಗಲಿನದರಲ್ಲೋ, ಊರಿಂದ ಎರಡು ದಿನ ತಡವಾಗಿ ಬಂದವರಲ್ಲೋ. ಇದರ ಉತ್ತರ ಎಷ್ಟೋ ಆಸ್ಪತ್ರೆಗಳ ಹತ್ತಿರ ಇಲ್ಲ.

ಸ್ಟ್ಯಾಟಿಸ್ಟಿಷಿಯನ್ ಹತ್ತಿರ ಈಗಲೇ ಹೋಗಿ. ಎಲ್ಲ ಮುಗಿದ ಮೇಲೆ ಎಕ್ಸೆಲ್ ಹಿಡಿದು ಹೋದರೆ ಅವರು ಏನು ಮಾಡಲು ಸಾಧ್ಯ? ಹೋಗುವಾಗ ಖಾಲಿ ಟೇಬಲ್‌ಗಳನ್ನ ಬರೆದುಕೊಂಡು ಹೋಗಿ, "ಸರ್, ಕೊನೆಗೆ ಈ ಟೇಬಲ್ ತುಂಬಬೇಕು, ಅದಕ್ಕೆ ಏನೇನು ಕೇಳಿಟ್ಟುಕೊಳ್ಳಲಿ?" ಅಂತ ಕೇಳಿ. ಕಮ್ಯುನಿಟಿ ಮೆಡಿಸಿನ್ ವಿಭಾಗದವರು ಇಂಥ ಪ್ರಶ್ನೆ ಕೇಳಿದವರಿಗೆ ಖುಷಿಯಿಂದ ಸಮಯ ಕೊಡುತ್ತಾರೆ.

ಎಥಿಕ್ಸ್, ಸಿಟಿಆರ್‌ಐ, ಮತ್ತು ಕನ್ನಡದ ಒಪ್ಪಿಗೆ ಪತ್ರ

ಎಥಿಕ್ಸ್ ಕಮಿಟಿ ಯಾವಾಗ ಸೇರುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಒಂದು ದಿನ ತಪ್ಪಿಸಿಕೊಂಡರೆ ಮುಂದಿನ ಮೀಟಿಂಗ್‌ವರೆಗೆ ಕಾಯಬೇಕು. ಅನುಮತಿ ಪತ್ರ ಬಂದ ಕೂಡಲೇ, ಮೊದಲ ರೋಗಿಯನ್ನ ಸೇರಿಸುವ ಮುಂಚೆ, ಸಿಟಿಆರ್‌ಐನಲ್ಲಿ (ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ತಾಣ) ನೋಂದಾಯಿಸಿ. 2018ರ ಏಪ್ರಿಲ್ 1ರಿಂದ ಅಲ್ಲಿ ಮುಂಚಿತವಾಗಿ ಬಂದ ಟ್ರಯಲ್‌ಗಳನ್ನ ಮಾತ್ರ ತೆಗೆದುಕೊಳ್ಳುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ಪಿಜಿ ಥೀಸಿಸ್ ಹೌದಾ ಅಲ್ವಾ ಅಂತ ಗುರುತು ಹಾಕುವ ಜಾಗವೂ ಇದೆ.

ಒಪ್ಪಿಗೆ ಪತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಂಗ್ಲಿಷ್‌ನದನ್ನ ಯಾರಿಗೋ ಕೊಟ್ಟು ಕನ್ನಡ ಮಾಡಿಸುತ್ತೇವೆ. ಅದರಲ್ಲಿ "ಯಾದೃಚ್ಛಿಕವಾಗಿ ಆಯ್ಕೆ ಮಾಡಲಾಗುವುದು" ಅಂತ ಇರುತ್ತದೆ. ಆ ಪದ ನನಗೇ ಸರಿಯಾಗಿ ಅರ್ಥವಾಗುವುದಿಲ್ಲ, ಹೊಟ್ಟೆ ಹಿಡಿದುಕೊಂಡು ಕೂತ ಅಜ್ಜನಿಗೆ ಹೇಗೆ ಅರ್ಥವಾಗಬೇಕು? "ಚೀಟಿ ಎತ್ತಿದ ಹಾಗೆ, ಯಾರಿಗೆ ಯಾವುದು ಬರುತ್ತೋ ಅದು" ಅಂದರೆ ಅಜ್ಜನಿಗೂ ಗೊತ್ತು, ಅಜ್ಜನ ಮಗನಿಗೂ ಗೊತ್ತು. ಬರೆದದ್ದನ್ನ ವಾರ್ಡ್‌ನ ಆಯಾಗೆ ಓದಿ ಹೇಳಿ, ಅವರಿಗೆ ಅರ್ಥವಾದರೆ ಪಾಸ್. ಓದಲು ಬಾರದವರ ಹೆಬ್ಬೆಟ್ಟು ತೆಗೆದುಕೊಳ್ಳುವಾಗ ಓದು ಬರಹ ಬಲ್ಲ, ನಿಮ್ಮ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಜೊತೆಗಿರಬೇಕು. "ಇಲ್ಲ ಅಂದ್ರೂ ನಿಮ್ಮ ಆಪರೇಷನ್ ಹಾಗೇ ನಡೆಯುತ್ತೆ" ಅನ್ನೋ ಮಾತನ್ನ ಬಾಯಿಬಿಟ್ಟು ಹೇಳಿ. ರಾತ್ರಿ ಎರಡು ಗಂಟೆಗೆ ನೋವಿನಲ್ಲಿ ನರಳುತ್ತಿರುವವರ ಹತ್ತಿರ ತೆಗೆದುಕೊಂಡ ಸಹಿಗೆ ಎಷ್ಟು ಅರ್ಥ ಇದೆ ಅಂತಲೂ ಯೋಚಿಸಿ. ಸುಮ್ಮನೆ ಗಮನಿಸುವ ಅಧ್ಯಯನವಾದರೆ, ಆಪರೇಷನ್ ಆಗಿ ಚೇತರಿಸಿಕೊಂಡ ಮೇಲೆ ಒಪ್ಪಿಗೆ ಕೇಳಬಹುದಾ ಅಂತ ಕಮಿಟಿಯನ್ನ ಅರ್ಜಿಯಲ್ಲೇ ಕೇಳಿ.

ಒಂದೇ ಹಾಳೆ, ಓಟಿ ಬಿಡುವ ಮುಂಚೆ

ಪ್ರೊಫಾರ್ಮಾ, ಅಂದರೆ ಪ್ರತಿ ರೋಗಿಯ ಮಾಹಿತಿ ತುಂಬುವ ನಮೂನೆ, ಎರಡೂ ಬದಿ ಪ್ರಿಂಟ್ ಹಾಕಿದ ಒಂದೇ ಎ4 ಹಾಳೆಯಲ್ಲಿ ಮುಗಿಯಬೇಕು. ಆರು ಪುಟದ್ದನ್ನ ಯಾರೂ ತುಂಬುವುದಿಲ್ಲ. ಆಪರೇಷನ್ ನೋಟ್ಸ್ ಬರೆಯುತ್ತೀರಲ್ಲ, ಅದೇ ಕುರ್ಚಿಯಲ್ಲಿ ಅದೇ ಪೆನ್ನಿನಲ್ಲಿ ಇದನ್ನೂ ತುಂಬಿ. ಇನ್ಸಿಷನ್ ಎಷ್ಟು ಹೊತ್ತಿಗೆ, ಹೊಟ್ಟೆಯೊಳಗೆ ಎಷ್ಟು ಕೊಳಕು, ಆಂಟಿಬಯೋಟಿಕ್ ಯಾವಾಗ ಕೊಟ್ಟರು. ಆಮೇಲೆ ತುಂಬೋಣ ಅಂತ ಬಿಟ್ಟರೆ ಎಂಆರ್‌ಡಿಯಲ್ಲಿ (ಆಸ್ಪತ್ರೆಯ ದಾಖಲೆ ವಿಭಾಗ) ಕೇಸ್ ಶೀಟ್ ಹುಡುಕುತ್ತಾ ನಿಲ್ಲಬೇಕಾಗುತ್ತದೆ, ಸಿಕ್ಕರೂ ಅದರಲ್ಲಿ ನಿಮಗೆ ಬೇಕಾದ್ದು ಇರುವುದಿಲ್ಲ. ಇದರಲ್ಲಿ ಇನ್ನೊಂದು ಲಾಭ ಇದೆ. ಪ್ರತಿ ಕೇಸಿನಲ್ಲೂ ಅದೇ ಹತ್ತು ವಿಷಯ ಗಮನಿಸಿ ಬರೆಯುತ್ತಾ ಹೋದ ಹಾಗೆ ಕಣ್ಣು ಪಳಗುತ್ತದೆ. ನನ್ನ ಜೂನಿಯರ್ ಒಬ್ಬಳು ಅನಾಸ್ಟಮೋಸಿಸ್ (ಕರುಳಿನ ತುದಿಗಳನ್ನ ಜೋಡಿಸುವುದು) ಬಗ್ಗೆ ಥೀಸಿಸ್ ಮಾಡುತ್ತಿದ್ದಳು. ಕರುಳಿನ ಅಂಚಿನ ಬಣ್ಣ, ರಕ್ತ ಬರುತ್ತಿದೆಯಾ, ಎಳೆತ ಇದೆಯಾ ಅಂತ ಅವಳ ಹಾಳೆಯಲ್ಲಿತ್ತು. ಎರಡನೇ ವರ್ಷದ ಕೊನೆಗೆ ಅಸಿಸ್ಟ್ ಮಾಡುವಾಗ ನಾವು ಕೇಳುವ ಮುಂಚೆಯೇ "ಸರ್, ಈ ಬದಿ ಸ್ವಲ್ಪ ಮಂಕಾಗಿದೆ" ಅನ್ನುತ್ತಿದ್ದಳು.

ಮಾಸ್ಟರ್ ಚಾರ್ಟ್ ಮೊದಲ ರೋಗಿಯಿಂದಲೇ ಶುರು ಮಾಡಿ. ಒಬ್ಬ ರೋಗಿಗೆ ಒಂದು ಸಾಲು, ಒಂದು ವಿಷಯಕ್ಕೆ ಒಂದು ಕಾಲಂ. ಹೊಟ್ಟೆನೋವು ಎಷ್ಟು ಹೊತ್ತಿನಿಂದ ಅನ್ನೋ ಕಾಲಂನಲ್ಲಿ ಒಂದು ಕಡೆ "2 ದಿನ", ಇನ್ನೊಂದು ಕಡೆ "48 ಗಂಟೆ", ಮತ್ತೊಂದು ಕಡೆ "ನಿನ್ನೆಯಿಂದ" ಅಂತ ಇದ್ದ ಚಾರ್ಟನ್ನ ನಾನು ಕಣ್ಣಾರೆ ನೋಡಿದ್ದೇನೆ. ಅದನ್ನ ಸರಿಮಾಡಲು ಎರಡು ವಾರ ಹಿಡಿಯಿತು. ಗಂಟೆ ಅಂದರೆ ಗಂಟೆ, ಬರೀ ಅಂಕಿ. ಹೌದು ಅಂದರೆ 1, ಇಲ್ಲ ಅಂದರೆ 0. ಗೊತ್ತಿಲ್ಲದ್ದಕ್ಕೆ 0 ಹಾಕಬೇಡಿ, ಖಾಲಿ ಬಿಡಿ. ರೋಗಿಯ ಹೆಸರು, ಫೋನ್ ನಂಬರ್ ಬೇರೆ ಫೈಲಿನಲ್ಲಿ, ಪಾಸ್‌ವರ್ಡ್ ಹಾಕಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ.

ಮತ್ತೆ, ಯಾರಾದರೂ "ಇಷ್ಟು ಕಷ್ಟ ಯಾಕೆ, ಉಳಿದ ನಲವತ್ತನ್ನ ಎಕ್ಸೆಲ್‌ನಲ್ಲಿ ಎಳೆದುಬಿಡು" ಅನ್ನುತ್ತಾರೆ. ನನಗೂ ಅಂದಿದ್ದರು, ಅದೂ ಗೌರವಿಸುತ್ತಿದ್ದ ಒಬ್ಬ ಹಿರಿಯರು. ಬೇಡ. ಕಡಿಮೆ ರೋಗಿಗಳು ಸಿಕ್ಕರೆ ಕಡಿಮೆ ಸಿಕ್ಕರು ಅಂತ ಬರೆಯಿರಿ, ಕಾರಣ ಕೊಡಿ. ಇಲ್ಲದ ರೋಗಿಯನ್ನ ಹುಟ್ಟಿಸಿದರೆ, ನಾಳೆ ಯಾರೋ ಅದನ್ನ ನಂಬಿ ನಿಜವಾದ ರೋಗಿಯ ಮೇಲೆ ಚಾಕು ಇಡುತ್ತಾರೆ.

ಮೂವತ್ತನೇ ದಿನದ ಫೋನ್

ಆಪರೇಷನ್ ಆದ 30 ದಿನದೊಳಗೆ ಗಾಯದಲ್ಲಿ ಸೋಂಕಾದರೆ ಅದು ಲೆಕ್ಕಕ್ಕೆ ಬರುತ್ತದೆ. ಆದರೆ ಹತ್ತನೇ ದಿನ ಹೊಲಿಗೆ ಬಿಚ್ಚಿಸಿಕೊಂಡು ಹೋದವರು ಆಮೇಲೆ ಬರುವುದಿಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ, ಜೊತೆಗೆ ಬರುವವರ ಕೂಲಿ. ಹಾಗಾಗಿ ಡಿಸ್ಚಾರ್ಜ್ ದಿನ ಎರಡು ನಂಬರ್ ತೆಗೆದುಕೊಳ್ಳಿ, ಒಂದು ಅವರದು, ಒಂದು ಮಗನದೋ ಪಕ್ಕದ ಮನೆಯವರದೋ. 30ನೇ ದಿನಕ್ಕೆ ಮೊಬೈಲ್‌ನಲ್ಲಿ ರಿಮೈಂಡರ್ ಇಡಿ. ಸಂಜೆ ಏಳರ ಮೇಲೆ ಮಾಡಿದರೆ ಎತ್ತುತ್ತಾರೆ.

"ಹೇಗಿದೀರಿ?" ಅಂದರೆ "ಚೆನ್ನಾಗಿದೀನಪ್ಪಾ, ದೇವ್ರು ದೊಡ್ಡೋನು" ಅನ್ನೋ ಉತ್ತರವೇ ಬರುತ್ತದೆ. ಒಬ್ಬ ಅಮ್ಮನಿಗೆ ಫೋನ್ ಮಾಡಿದಾಗ ಮೂರು ಸಲ ಹಾಗೇ ಅಂದರು. ಪ್ರೊಫಾರ್ಮಾದಲ್ಲಿ 0 ಬರೆಯುವವನಿದ್ದೆ. ಸುಮ್ನೆ ಕೇಳಿದೆ, "ಅಮ್ಮಾ, ಊರಲ್ಲಿ ಯಾರ ಹತ್ರಾದ್ರೂ ಡ್ರೆಸ್ಸಿಂಗ್ ಮಾಡಿಸಿದ್ರಾ?" "ಹೂಂ ಕಣಪ್ಪಾ, ಇಲ್ಲೇ ನಮ್ಮೂರ ಡಾಕ್ಟ್ರು ಹತ್ರ ದಿನಾ ಕ್ಲೀನ್ ಮಾಡಿಸ್ತಿದೀನಿ, ಹದಿನೈದು ದಿನ ಆಯ್ತು." ಅಂದಿನಿಂದ ನಾನು ನಾಲ್ಕೇ ಪ್ರಶ್ನೆ ಕೇಳುವುದು: ಹೊಲಿಗೆ ಜಾಗ ಒದ್ದೆಯಾಗುತ್ತಾ? ಬಟ್ಟೆಗೆ ಅಂಟುತ್ತಾ? ವಾಸನೆ ಇದೆಯಾ? ಎಲ್ಲಾದರೂ ಡ್ರೆಸ್ಸಿಂಗ್ ಮಾಡಿಸಿದಿರಾ? ಉತ್ತರ ಹೌದು ಅಂದರೆ ಹಾಳೆಯಲ್ಲಿ ಗುರುತು ಹಾಕಿ ಫೋನ್ ಇಡಬೇಡಿ, ಓಪಿಡಿಗೆ ಕರೆಸಿ, ನೀವೇ ನೋಡಿ.

ಓಟಿ ಬಿಟ್ಟು ಓಡಬೇಡಿ

ಸಂಶೋಧನೆ ಅಂತ ಎಲೆಕ್ಟಿವ್ ಓಟಿ ದಿನ ತಪ್ಪಿಸಿಕೊಳ್ಳುವುದು ಖಂಡಿತ ಬೇಡ. ಕೈ ಪಳಗುವುದಕ್ಕೆ ಇರುವುದು ಇದೇ ಮೂರು ವರ್ಷ. ಎಮರ್ಜೆನ್ಸಿ ಡ್ಯೂಟಿ ಮುಗಿಸಿದ ದಿನವೂ ಓದಲು ಕೂರಬೇಡಿ, ಮಲಗಿ. ವಾರದಲ್ಲಿ ಎರಡು ಸಲ ಒಂದೊಂದು ಗಂಟೆ ಸಾಕು, ಆದರೆ ತಪ್ಪಬಾರದು. ಡಿಪಾರ್ಟ್‌ಮೆಂಟ್‌ನಲ್ಲಿ ಜರ್ನಲ್ ಕ್ಲಬ್ ಹೇಗೂ ಇರುತ್ತದಲ್ಲ, ನಿಮ್ಮ ಸರದಿ ಬಂದಾಗ ನಿಮ್ಮ ಟಾಪಿಕ್‌ಗೆ ಸಂಬಂಧಿಸಿದ ಪೇಪರ್ ಆರಿಸಿ. ಮೂರು ವರ್ಷದಲ್ಲಿ ರಿವ್ಯೂ ಆಫ್ ಲಿಟರೇಚರ್ ಅರ್ಧ ಅಲ್ಲೇ ತಯಾರಾಗುತ್ತದೆ. ಓದಿದ ಪ್ರತಿ ಪೇಪರನ್ನ ಆ ದಿನವೇ ಝೊಟೆರೋ ಅನ್ನೋ, ಪೇಪರ್‌ಗಳನ್ನ ಜೋಡಿಸಿಡುವ ಸಾಫ್ಟ್‌ವೇರ್‌ನಲ್ಲಿ ಹಾಕಿ, ಅದು ಉಚಿತ. ಮೆಥಡ್ಸ್ ಭಾಗ ಸಿನಾಪ್ಸಿಸ್ ಸಮಯದಲ್ಲೇ ಬರೆದು ಮುಗಿಸಿ, ಪೀಠಿಕೆ ಕೊನೆಗೆ. ಬೇರೆಯವರ ವಾಕ್ಯ ಎತ್ತಿ ಹಾಕಬೇಡಿ, ಯುಜಿಸಿಯ 2018ರ ನಿಯಮದಲ್ಲಿ ಶೇ 10ಕ್ಕಿಂತ ಹೆಚ್ಚು ಹೋಲಿಕೆ ಬಂದರೆ ತೊಂದರೆ.

ಜಿಲ್ಲಾ ಆಸ್ಪತ್ರೆಗೆ ಹೋಗುವ 3 ತಿಂಗಳು ಹಾಳಾಯಿತು ಅಂದುಕೊಳ್ಳಬೇಡಿ. ನಿಮ್ಮ ಕಾಲೇಜಿಗೆ ರೆಫರ್ ಆಗಿ ಬರುವವರು ಹೊರಡುವುದು ಅಲ್ಲಿಂದಲೇ. ಎಷ್ಟು ಹೊತ್ತಿಗೆ ಅಲ್ಲಿಗೆ ಬಂದರು, ಯಾಕೆ ಕಳಿಸಿದರು, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಸಿಕ್ಕಿತು ಅಂತ ನೋಡಿ. ಮುಂದಿನ ಪ್ರಶ್ನೆ ಅಲ್ಲೇ ಸಿಗಬಹುದು.

ಹೆಸರು, ಜರ್ನಲ್, ದುಡ್ಡು

ಲೇಖಕರ ಹೆಸರಿನ ಸಾಲು ಮೊದಲೇ ಮಾತಾಡಿಕೊಳ್ಳಿ. ಮುಜುಗರ ಆಗುತ್ತದೆ, ಆದರೂ ಮಾತಾಡಿ. ಐಸಿಎಂಜೆಇ (ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ಹೇಳುವುದು ನಾಲ್ಕು: ನಿಜವಾದ ಕೆಲಸ ಮಾಡಿರಬೇಕು, ಬರೆದಿರಬೇಕು ಅಥವಾ ತಿದ್ದಿರಬೇಕು, ಕೊನೆಯ ಪ್ರತಿಗೆ ಒಪ್ಪಿರಬೇಕು, ನಾಳೆ ಪ್ರಶ್ನೆ ಬಂದರೆ ಉತ್ತರಿಸಲು ತಯಾರಿರಬೇಕು. ನಾಲ್ಕೂ ಇರಬೇಕು. "ಸರ್, ಈ ನಾಲ್ಕರ ಪ್ರಕಾರ ಹೀಗೆ ಬರೆದುಕೊಂಡಿದ್ದೀನಿ, ನೀವು ನೋಡಿ ಹೇಳಿ" ಅಂತ ಹಾಳೆ ಮುಂದಿಟ್ಟರೆ ಮಾತು ಸುಲಭವಾಗುತ್ತದೆ.

"ಗೌರವಾನ್ವಿತ ಡಾಕ್ಟರ್, ನಿಮ್ಮ ಅಮೂಲ್ಯ ಲೇಖನ ಕಳಿಸಿ" ಅಂತ ಬರುವ ಇಮೇಲ್ ಅಳಿಸಿ. ಎರಡು ದಿನದಲ್ಲಿ ಒಪ್ಪಿ ದುಡ್ಡು ಕೇಳುವ ಜರ್ನಲ್‌ಗೆ ಕೊಟ್ಟರೆ ನಿಮ್ಮ ಹದಿನೆಂಟು ತಿಂಗಳ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ವಾಪಸ್ ತೆಗೆಯಲೂ ಬಿಡುವುದಿಲ್ಲ. ಮೆಡ್‌ಲೈನ್, ಸ್ಕೋಪಸ್, ಡಿಓಎಜೆ ಪಟ್ಟಿಗಳಲ್ಲಿ ಇದೆಯಾ ಅಂತ ಆ ಪಟ್ಟಿಗಳಲ್ಲೇ ಹುಡುಕಿ, ಜರ್ನಲ್‌ನವರ ಮಾತು ನಂಬಬೇಡಿ. ಕಳಿಸುವ ಮುಂಚೆ ಗಮನಿಸುವ ಅಧ್ಯಯನಕ್ಕೆ ಸ್ಟ್ರೋಬ್, ಟ್ರಯಲ್‌ಗೆ ಕನ್ಸಾರ್ಟ್, ಕೇಸ್ ರಿಪೋರ್ಟ್‌ಗೆ ಕೇರ್ ಅನ್ನೋ, ಪೇಪರ್‌ನಲ್ಲಿ ಏನೇನಿರಬೇಕು ಅಂತ ಹೇಳುವ ಪಟ್ಟಿ ಇಟ್ಟುಕೊಂಡು ಒಂದೊಂದಾಗಿ ಟಿಕ್ ಹಾಕಿ. ಕೇಸ್ ರಿಪೋರ್ಟ್‌ಗೆ ರೋಗಿಯ ಲಿಖಿತ ಒಪ್ಪಿಗೆ ಬೇಕು. ಡಿಸ್ಚಾರ್ಜ್ ಆದ ಮೇಲೆ ಹುಡುಕುವುದು ಕಷ್ಟ, ಅಪರೂಪದ ಕೇಸ್ ಅನ್ನಿಸಿದ ದಿನವೇ ಕೇಳಿ.

ಥೀಸಿಸ್‌ಗೆ ಐಸಿಎಂಆರ್‌ನಿಂದ ನೆರವಿಗೆ ಅರ್ಜಿ ಹಾಕಬಹುದು. ಸಿಗದಿದ್ದರೂ ಅರ್ಜಿ ಬರೆದದ್ದು ವ್ಯರ್ಥವಲ್ಲ, ಪ್ರಶ್ನೆ ಎಷ್ಟು ಗಟ್ಟಿ ಅಂತ ಅಲ್ಲೇ ತಿಳಿಯುತ್ತದೆ.

ಇನ್ನೂ ಪಿಜಿ ಸೇರದವರಿಗೆ

ಎಂಬಿಬಿಎಸ್‌ನಲ್ಲಿದ್ದರೆ ಐಸಿಎಂಆರ್‌ನ ಎಸ್‌ಟಿಎಸ್‌ಗೆ (ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್) ಅರ್ಜಿ ಹಾಕಿ. 1979ರಿಂದ ನಡೆಯುತ್ತಿರುವ ಯೋಜನೆ, ಎರಡು ತಿಂಗಳ ಸಣ್ಣ ಪ್ರಾಜೆಕ್ಟ್, ಸ್ಟೈಪೆಂಡ್ ಇದೆ. ಸರ್ಜರಿ ವಿಭಾಗದ ಗೈಡನ್ನ ಹುಡುಕಿಕೊಳ್ಳಿ. ಇಂಟರ್ನ್ ಆಗಿದ್ದರೆ ಗ್ಲೋಬಲ್‌ಸರ್ಜ್ ತರಹದ ಜಂಟಿ ಅಧ್ಯಯನಗಳಿಗೆ ನಿಮ್ಮ ಆಸ್ಪತ್ರೆ ಸೇರಬಹುದಾ ಅಂತ ಯೂನಿಟ್ ಚೀಫ್ ಹತ್ತಿರ ಕೇಳಿ. ಕೆಲವೇ ವಾರ ರೋಗಿಗಳನ್ನ ಗಮನಿಸಿ ಮಾಹಿತಿ ತುಂಬುವ ಕೆಲಸ. ಕೋವಿಡ್ ಸಮಯದಲ್ಲಿ ಇದೇ ರೀತಿ ನಡೆದ ಕೋವಿಡ್‌ಸರ್ಜ್ ಪೇಪರ್‌ಗೆ 15,025 ಲೇಖಕರಿದ್ದರು, ಗಿನ್ನೆಸ್ ದಾಖಲೆಯಾಯಿತು. ಅಷ್ಟು ಹೆಸರುಗಳ ನಡುವೆ ನಿಮ್ಮದೊಂದು ಇದ್ದರೆ ಏನು ಅನ್ನಿಸಬಹುದು. ಆದರೆ ಒಳ್ಳೆಯ ಪ್ರೊಫಾರ್ಮಾ ಹೇಗಿರುತ್ತದೆ, ಪ್ರೋಟೋಕಾಲ್ ಹೇಗೆ ಬರೆಯುತ್ತಾರೆ ಅಂತ ಕೈಯಲ್ಲಿ ಹಿಡಿದು ನೋಡುತ್ತೀರಿ. ಪಿಜಿಯ ಮೊದಲ ತಿಂಗಳು ಗೈಡ್ ಟಾಪಿಕ್ ಕೇಳಿದಾಗ, ಹಳೇ ಪಿಡಿಎಫ್ ಬದಲು ಅದನ್ನೇ ತೆರೆದು ಮುಂದಿಡಬಹುದು.